ಎರಡು ಸಲ ಕೇಳಿದವರು

ಹಿತ್ತಿಲ ಬಾಗಿಲಲ್ಲಿ ಕೂತು ತೆಂಗಿನ ಗರಿ ಸೀಳುತ್ತಿದ್ದೆ. ಹಿಂದಿನ ದಿನ ಎರಡು ಸೋಗೆ ಬಿದ್ದಿದ್ದವು, ಅಂಗಳದ ಪೊರಕೆಯೂ ಸವೆದು ಮೊಂಡಾಗಿತ್ತು. ಚಾಕುವಿನ ಬಾಯಿಗೆ ಗರಿ ಕೊಟ್ಟು ಎಳೆದರೆ ಎರಡು ಬದಿಯ ಎಲೆ ಕಳಚಿಕೊಂಡು ನಡುವಿನ ಕಡ್ಡಿ ಕೈಗೆ ಬರುತ್ತದೆ. ದಪ್ಪ ಕಡ್ಡಿಗಳನ್ನು ಬಲಕ್ಕೆ ಹಾಕುತ್ತಿದ್ದೆ. ತುದಿಯ ಗರಿಯ ತೆಳು ಕಡ್ಡಿಗಳನ್ನು ಎಡಕ್ಕೆ, ಬೇರೆಯಾಗಿ. ಯಾಕೆ ಬೇರೆ ಇಡುತ್ತೀಯ ಎಂದು ಮನೆಯಲ್ಲಿ ಯಾರೂ ಕೇಳಿದವರಲ್ಲ. ಎಷ್ಟೋ ವರ್ಷದಿಂದ ಕೈಗೆ ಅದು ಅಭ್ಯಾಸ.

ಭಾನುವಾರ. ನಮ್ಮ ಯಜಮಾನರು ಬಾವಿಕಟ್ಟೆಯ ಮೇಲೆ ಕನ್ನಡಿ ಇಟ್ಟುಕೊಂಡು ಗಡ್ಡ ಹೆರೆದುಕೊಳ್ಳುತ್ತಿದ್ದರು. ಹೂವಿನವಳು ಓಣಿಯಿಂದ ನೇರ ಹಿತ್ತಿಲಿಗೇ ಬಂದು ಬುಟ್ಟಿ ಇಳಿಸಿದಳು.

“ಅಕ್ಕಾ, ಕೇಳುದ್ರಾ? ನಿಮ್ಮನೆಗೆ ಕಂಪ್ಯೂಟ್ರು ರಿಪೇರಿಗೆ ಬತ್ತಿದ್ರಲ್ಲ ಸಾಬ್ರು, ಹೋಗ್ಬುಟ್ರಂತೆ.”

“ಯಾವ ಸಾಬ್ರು?” ಎಂದೆ. ಗೊತ್ತಿದ್ದೇ ಕೇಳಿದೆ.

“ಅದೇ ಕಣಕ್ಕಾ, ಈಚೆಗೆ ಕೊಬ್ರಿ ಮಂಡೀಲಿ ಚೀಲ ಹೊಲೀತಿದ್ರಲ್ಲ. ಬೆಳಗ್ಗೆ ಎದೆ ಹಿಡ್ಕಂಡು ಕೂತರಂತೆ, ಅಷ್ಟೇಯ. ಮಧ್ಯಾಹ್ನ ನಮಾಜಾದ ಮ್ಯಾಲೆ ಮಣ್ಣಂತೆ. ಎಷ್ಟು ಮೊಳ ಕೊಡ್ಲಿ?”

“ಎರಡು” ಎಂದೆ.

ಯಜಮಾನರು ಕನ್ನಡಿಯಿಂದ ಮುಖ ತೆಗೆಯದೆ ಹೇಳಿದರು: “ಪಾಪ. ಕೆಲಸ ಗೊತ್ತಿದ್ದ ಮನುಷ್ಯ ಕಣೇ. ಆದ್ರೆ ನಮ್ಮ ಮಿಷನ್ ಸುಟ್ಟುಬುಟ್ಟ.”

ಆ ಮಾತಿಗೆ ನಾನು ಏನು ಹೇಳಿದೆನೆಂಬುದು ಆಮೇಲೆ ಬರುತ್ತದೆ. ಮೊದಲು ಅವರು ಎಂಥವರು ಎಂದು ಹೇಳಬೇಕು. ಹೆಸರು ಮಾತ್ರ ಬರೆಯುವುದಿಲ್ಲ. ಆ ಹೆಸರು ತಿಪಟೂರಿನಲ್ಲಿ ಕೆಡಲು ನಮ್ಮ ಮನೆಯೇ ಕಾರಣ. ಈಗ ಒಳ್ಳೆಯ ಮಾತಿಗೆಂದು ನಾನೇ ಅದನ್ನು ಬಾಯಿಗೆ ತಂದುಕೊಂಡರೆ ನಾಚಿಕೆಯಾಗುತ್ತದೆ.

ಅವರು ಮೊದಲು ನಮ್ಮ ಮನೆಗೆ ಬಂದದ್ದು ರೇಡಿಯೋ ರಿಪೇರಿಗೆ. ಮಸೀದಿಯ ಹಿಂದಿನ ಬೀದಿಯಲ್ಲಿ ಒಂದು ಬಾಗಿಲಿನ ಅಂಗಡಿ. ಎತ್ತರದ ಆಳು, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಬರಬೇಕು. ಕಂಕುಳಲ್ಲಿ ಒಂದು ಬಟ್ಟೆಯ ಸುರುಳಿ. ಹೆಂಡತಿ ಹಳೆಯ ಸೀರೆಯಲ್ಲಿ ಸಾಲಾಗಿ ಕಿಸೆ ಹೊಲಿದುಕೊಟ್ಟಿದ್ದರು. ಒಂದೊಂದು ಕಿಸೆಗೆ ಒಂದೊಂದು ಸ್ಕ್ರೂಡ್ರೈವರು. ಅದನ್ನು ನಡುಮನೆಯಲ್ಲಿ ಬಿಚ್ಚಿ ಹಾಸಿದರೆ ನಮ್ಮ ಅತ್ತೆ, “ಏನ್ ಸಾಬ್ರೇ, ಹೆರಿಗೆ ಮಾಡ್ಸಕ್ಕೆ ಬಂದಂಗೆ ಬಂದಿದೀರಿ” ಎನ್ನುತ್ತಿದ್ದರು. “ಹೆರಿಗೆ ಸುಲಭ ಅಮ್ಮಾ, ಅದ್ರಲ್ಲಿ ಹೊರಗೆ ತೆಗೆದರೆ ಆಯ್ತು. ಇದ್ರಲ್ಲಿ ತೆಗೆದಿದ್ದನ್ನ ವಾಪಸ್ ಒಳಗೆ ಹಾಕ್ಬೇಕು” ಎಂದು ಅವರ ಉತ್ತರ.

ಒಂದು ಸಾಮಾನನ್ನು ಬಿಚ್ಚುವ ಮೊದಲು ಅದನ್ನು ಎರಡೂ ಕೈಯಲ್ಲಿ ಎತ್ತಿ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಿಸುತ್ತಿದ್ದರು. ನಮ್ಮ ಕಡೆ ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಗಿದೆಯೋ ಇಲ್ಲವೋ ನೋಡುವುದು ಹೀಗೆಯೇ. ಒಳಗಿನ ತಿರುಳು ಒಣಗಿ ಗಿಟುಕಾಗಿ, ಚಿಪ್ಪು ಬಿಟ್ಟು ಗಡಗಡ ಅಂದರೆ ಆಯಿತು ಎಂದು ಅರ್ಥ. ಅವರು ರೇಡಿಯೋ, ಟಿ.ವಿ., ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಹಾಗೆ ಅಲುಗಿಸಿ ಕೇಳುತ್ತಿದ್ದರು. “ಕೇಳಿದ್ರೆ ಅದೇ ಹೇಳ್ತದೆ. ಸಾಮಾನು ಸುಳ್ಳು ಹೇಳಲ್ಲ ಅಮ್ಮಾ” ಎನ್ನುತ್ತಿದ್ದರು.

ಮೃದು ಮನುಷ್ಯರೇನಲ್ಲ. ಬಾಯಿ ಜೋರು. ಎದುರುಮನೆಯವರು ತಮ್ಮ ಟೇಪ್‌ರೆಕಾರ್ಡರನ್ನು ತಾವೇ ಬಿಚ್ಚಿ ಕೆಡಿಸಿಕೊಂಡು ತಂದಾಗ, “ಇನ್ನೊಂದ್ ಸಲ ಬಿಚ್ಚಬೇಕು ಅನ್ನಿಸಿದ್ರೆ ನಿಮ್ಮ ಹೊಟ್ಟೆ ಬಿಚ್ಚಿ ಸ್ವಾಮಿ, ಆಮೇಲೆ ನನ್ನ ಹತ್ರ ತರಬೇಡಿ” ಎಂದು ಮುಖಕ್ಕೇ ಹೇಳಿದ್ದರು. ಅವರ ಸ್ಕ್ರೂಡ್ರೈವರನ್ನು ಯಾರೂ ಮುಟ್ಟುವಂತಿರಲಿಲ್ಲ. ಒಮ್ಮೆ ನಮ್ಮ ಯಜಮಾನರು ಕನ್ನಡಕದ ತಿರುಪು ಬಿಗಿಮಾಡಲು ಒಂದನ್ನು ಕೈಗೆತ್ತಿಕೊಂಡರು. ಸಾಬರು ಕನ್ನಡಕವನ್ನೂ ಸ್ಕ್ರೂಡ್ರೈವರನ್ನೂ ಅವರ ಎರಡೂ ಕೈಯಿಂದ ಕಿತ್ತುಕೊಂಡ ಹಾಗೆ ತೆಗೆದುಕೊಂಡು ತಾವೇ ಬಿಗಿದುಕೊಟ್ಟು, ಕನ್ನಡಕದ ಗಾಜನ್ನೂ ಅಂಗಿಯ ತುದಿಯಿಂದ ಒರೆಸಿ ಕೊಟ್ಟರು.

ಇನ್ನೊಂದು ವಿಷಯ ಹೇಳದಿದ್ದರೆ ಸುಳ್ಳಾಗುತ್ತದೆ. ನಮ್ಮ ಮನೆಯಲ್ಲಿ ಅವರ ಲೋಟ ಬೇರೆ ಇತ್ತು. ಪಡಸಾಲೆಯ ಕಿಟಕಿಯ ಕಟ್ಟೆಯ ಮೇಲೆ ಒಂದು ಸ್ಟೀಲ್ ಲೋಟ. ಅತ್ತೆಯ ಕಟ್ಟುನಿಟ್ಟು ಅದು, ನಾನೂ ಬೇಡ ಎನ್ನಲಿಲ್ಲ. ಕಾಫಿ ಕುಡಿದ ಮೇಲೆ ಅವರೇ ನಲ್ಲಿಯಲ್ಲಿ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದರು. ಒಂದು ದಿನವೂ ಅದರ ಬಗ್ಗೆ ಮುಖ ಸಣ್ಣದು ಮಾಡಿದ್ದನ್ನು ನೋಡಲಿಲ್ಲ. ನೋಡಲಿಲ್ಲ ಎಂದರೆ, ನಾನು ಅವರ ಮುಖವನ್ನು ಅಷ್ಟಾಗಿ ನೋಡಿಯೇ ಇರಲಿಲ್ಲ ಎಂದೂ ಆಗಬಹುದು.

ಕಡ್ಡಿಯ ವಿಷಯ ಹೇಳುತ್ತೇನೆ. ಒಮ್ಮೆ ಟಿ.ವಿ. ಬಿಚ್ಚಿಕೊಂಡು ಕೂತವರು, “ಅಮ್ಮಾ, ಹೊಸ ಪೊರಕೆ ಇದ್ರೆ ಅದರಿಂದ ಒಂದು ಕಡ್ಡಿ ಕೊಡಿ. ಗುಡಿಸಿದ್ದು ಬೇಡ” ಎಂದರು. ಕೊಟ್ಟೆ. ಅದರ ತುದಿಯನ್ನು ಹಲ್ಲಿನಲ್ಲಿ ಜಜ್ಜಿ ಕುಂಚದ ಹಾಗೆ ಮಾಡಿಕೊಂಡು, ಸಣ್ಣ ಸಣ್ಣ ಸಂದಿಯ ಧೂಳು ತೆಗೆದರು. ಕಬ್ಬಿಣ ತಾಗಿದರೆ ಕರೆಂಟಿನ ಸಾಮಾನು ಕೆಡುತ್ತದಂತೆ, ಗೀರು ಬೀಳುತ್ತದಂತೆ. ತೆಂಗಿನ ಕಡ್ಡಿ ಬಾಗುತ್ತದೆ, ಚುಚ್ಚುವುದಿಲ್ಲ, ಕರೆಂಟು ಹಿಡಿಯುವುದಿಲ್ಲ. “ಜಪಾನಿಂದ ಬ್ರಶ್ ಬರ್ತದೆ, ಇದರ ಮುಂದೆ ಏನೂ ಅಲ್ಲ” ಎಂದರು. ಆವತ್ತಿನಿಂದ ಗರಿ ಸೀಳುವಾಗಲೆಲ್ಲ ತೆಳು ಕಡ್ಡಿಗಳನ್ನು ಬೇರೆ ಎತ್ತಿಟ್ಟು, ಒಂದು ಹಿಡಿಯಾದಾಗ ದಾರ ಕಟ್ಟಿ ಅವರಿಗೆ ಕೊಡುತ್ತಿದ್ದೆ. ಸ್ಕ್ರೂಡ್ರೈವರುಗಳ ಪಕ್ಕದ ಕೊನೆಯ ಕಿಸೆ ಅದಕ್ಕೇ ಮೀಸಲಾಯಿತು.

ಕಂಪ್ಯೂಟರ್ ಊರಿಗೆ ಬಂದ ಕಾಲಕ್ಕೆ ಅವರಿಗೆ ನಲವತ್ತೈದು ದಾಟಿತ್ತು. ಯಾರೋ ಎಸೆದ ಕೆಟ್ಟ ಕಂಪ್ಯೂಟರೊಂದನ್ನು ಮನೆಗೆ ಹೊತ್ತುಕೊಂಡು ಹೋಗಿ ಹನ್ನೆರಡು ಸಲ ಬಿಚ್ಚಿ ಹನ್ನೆರಡು ಸಲ ಜೋಡಿಸಿ ಕಲಿತರಂತೆ. ಹದಿಮೂರನೆಯ ಸಲ ಅದು ಓಡಿತಂತೆ. ಕೊಬ್ಬರಿ ಮಂಡಿಗಳವರು, ಒಂದು ಹೈಸ್ಕೂಲಿನವರು, ಎಲ್ಲರೂ ಅವರನ್ನೇ ಕರೆಯತೊಡಗಿದರು. ಹಾಲ್ಕುರಿಕೆ, ಬಿಳಿಗೆರೆಯಿಂದ ಕೂಡ ಬಸ್ಸಿನಲ್ಲಿ ಪೆಟ್ಟಿಗೆ ಹೊತ್ತು ತರುತ್ತಿದ್ದರು.

ನಮ್ಮ ಯಜಮಾನರು ಪತ್ರ ಬರಹಗಾರರು. ರಿಜಿಸ್ಟ್ರಾರ್ ಆಫೀಸಿನ ಮುಂದಿನ ಹುಣಸೆಮರದ ಕೆಳಗೆ ಅವರ ಮೇಜು. ಕ್ರಯಪತ್ರ, ವಿಭಾಗಪತ್ರ, ಉಯಿಲು ಎಲ್ಲ ಮೊದಲು ಕೈಯಲ್ಲಿ, ಆಮೇಲೆ ಟೈಪ್‌ರೈಟರಿನಲ್ಲಿ. ಎರಡು ಸಾವಿರದ ಇಸವಿ ಕಳೆದ ಮೇಲೆ ಕಂಪ್ಯೂಟರ್ ಬೇಕೇ ಬೇಕಾಯಿತು. ಬೆಂಗಳೂರಿನ ಯಾವುದೋ ಆಫೀಸಿನವರು ಮಾರಿದ, ದೊಡ್ಡ ಹೆಸರಿನ ವಿದೇಶಿ ಕಂಪನಿಯ ಪೆಟ್ಟಿಗೆಯೊಂದನ್ನು ತಂದು ಮನೆಯ ಪಡಸಾಲೆಯಲ್ಲಿ ಇಟ್ಟರು. ರಾತ್ರಿ ಬೆಳಗು ಬಟ್ಟೆ ಮುಚ್ಚಿ ಕಾಪಾಡಿದರು.

ಸಾಬರು ಬಂದು ನೋಡಿ ಮೂಗು ಮುರಿದರು. “ಇದು ಕಂಪನಿ ಬಂಡಿ ಸ್ವಾಮಿ. ಇದಕ್ಕೆ ಅವರದೇ ಎತ್ತು ಬೇಕು, ಅವರದೇ ನೊಗ, ಅವರದೇ ಹಗ್ಗ. ಕೆಟ್ಟರೆ ನಮ್ಮೂರ ಕೈಗೆ ಬರಲ್ಲ.”

“ಕೆಡಲ್ಲ ಬುಡ್ರಿ, ಕಂಪನೀದು” ಎಂದರು ಯಜಮಾನರು.

ಕೆಡಿಸಿದವಳು ನಾನು.

ನನ್ನ ತವರು ತುರುವೇಕೆರೆ ಕಡೆ. ಆಯುಧಪೂಜೆಯ ದಿನ ನಮ್ಮ ತಂದೆ ನೇಗಿಲಿಗೆ, ಗಾಡಿಗೆ, ಪಂಪ್‌ಸೆಟ್ಟಿಗೆ ವಿಭೂತಿ ಕುಂಕುಮ ಇಟ್ಟು, ಕಾಯಿ ಒಡೆದು, ಆ ನೀರನ್ನು ಲೋಟಕ್ಕೆ ಹಿಡಿದು ಆಯುಧದ ಮೇಲೆ ಮೂರು ಸಲ ಬಿಡುತ್ತಿದ್ದರು. ಮರ ಕೊಟ್ಟಿದ್ದು ದುಡಿಮೆಗೆ ಸಲ್ಲಬೇಕು ಎನ್ನುತ್ತಿದ್ದರು. ಗಂಡನ ಮನೆಯಲ್ಲಿ ಆ ಪದ್ಧತಿ ಇಲ್ಲ. ಇಲ್ಲಿ ಬರೀ ಮಂಗಳಾರತಿ. “ನಿನ್ನ ತವರಿನ ಆಟ ಎಲ್ಲ ಇಲ್ಲಿ ಬ್ಯಾಡ” ಎಂದು ಅತ್ತೆ ಮದುವೆಯ ವರ್ಷವೇ ಹೇಳಿದ್ದರು. ಕಂಪ್ಯೂಟರ್ ತಂದ ವರ್ಷ ಆಯುಧಪೂಜೆಯ ದಿನ ಯಜಮಾನರು ಆಫೀಸಿನ ಹತ್ತಿರದ ಪೂಜೆಗೆ ಹೋಗಿದ್ದರು, ಅತ್ತೆ ಮಲಗಿದ್ದರು. ಮನೆಗೆ ಅನ್ನ ಹಾಕುವ ಆಯುಧ ಅದು, ನಮ್ಮಪ್ಪ ಮಾಡಿದ ಹಾಗೆ ಮಾಡೋಣ ಎನ್ನಿಸಿತು. ಪೆಟ್ಟಿಗೆಯನ್ನು ಮೇಜಿನ ಮೇಲೆ ಅಡ್ಡಲಾಗಿ ಮಲಗಿಸಿ ಇಟ್ಟಿದ್ದರು. ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ಕಾಯಿ ಒಡೆದು, ಲೋಟದ ನೀರನ್ನು ಮೂರು ಸಲ ಮೇಲೆ ಬಿಟ್ಟೆ. ಮೇಲ್ಭಾಗದಲ್ಲಿ ಹಿಂಬದಿಗೆ ಗಾಳಿಯಾಡಲು ಸೀಳು ಸೀಳಾದ ಕಂಡಿಗಳಿದ್ದವು. ನೀರು ಮೇಜಿಗೆ ಹರಿಯಲೇ ಇಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಮೇಲೆ ಉಳಿದ ಪಸೆಯನ್ನು ಸೆರಗಿನಲ್ಲಿ ಒರೆಸಿ, ಕೈಮುಗಿದು ಒಳಗೆ ಹೋದೆ.

ಮಾರನೆಯ ದಿನ ಯಜಮಾನರು ಬಟನ್ ಒತ್ತಿದರು. ಟಪ್ ಎಂದಿತು. ಬೆಲ್ಲ ಸೀದ ವಾಸನೆ ಬಂತು.

ಸಾಬರು ಬಂದರು. ಮುಚ್ಚಳ ತೆಗೆದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಒಳಗಿನ ದೊಡ್ಡ ಹಲಗೆಯ ಮೇಲೆ ಬೆರಳು ಎಳೆದು, ಬೆರಳನ್ನು ಮೂಸಿದರು. ನಾಲಗೆಯ ತುದಿಗೆ ಮುಟ್ಟಿಸಿದರು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ಒಂದು ಕ್ಷಣ, ಅಷ್ಟೇ.

“ಏನಾಗೈತ್ರೀ?” ಎಂದರು ಯಜಮಾನರು.

“ಮದರ್‌ಬೋರ್ಡ್ ಹೋಗಿದೆ ಸ್ವಾಮಿ. ಕರೆಂಟು ಏರುಪೇರು ಆಗಿರ್ತದೆ.”

“ಅದಕ್ಕೂ ತಾಯಿ ಇದಾಳಾ?” ಎಂದು ಅತ್ತೆ ಒಳಗಿನಿಂದಲೇ ಕೇಳಿದರು.

“ತಾಯಿ ಇಲ್ಲದೆ ಯಾವುದು ನಡೀತದೆ ಅಮ್ಮಾ” ಎಂದು ಹೇಳಿ, ನನ್ನ ಕಡೆ ತಿರುಗಿ, “ಒಂದು ಕಡ್ಡಿ ಕೊಡಿ” ಎಂದರು. ಆ ಕಡ್ಡಿಯಿಂದ ಹಲಗೆಯ ಮೇಲಿನ ಕುಂಕುಮವನ್ನು ಯಜಮಾನರು ನೋಡುವ ಮೊದಲೇ ಕೆದಕಿ ಊದಿಬಿಟ್ಟರು.

ಯಜಮಾನರು ಸ್ನಾನಕ್ಕೆ ಹೋದಾಗ ಸಾಬರು ನೀರು ಕೇಳುವ ನೆಪದಲ್ಲಿ ಬಾಗಿಲ ಹತ್ತಿರ ಬಂದರು. ಧ್ವನಿ ತಗ್ಗಿಸಿ ಕೇಳಿದರು: “ಅಮ್ಮಾ, ಎಷ್ಟು ನೀರು ಹೋಯ್ತು?”

ಅತ್ತೆ ನನ್ನ ಬೆನ್ನ ಹಿಂದೆಯೇ ಅಕ್ಕಿ ಆರಿಸುತ್ತಿದ್ದರು. “ಒಂದೆರಡು ಹನಿ, ಅಷ್ಟೇ” ಎಂದೆ.

“ಹಿಂದಕ್ಕೇನಾದ್ರೂ ಹೋಯ್ತಾ? ಅಲ್ಲಿ ಕರೆಂಟಿನ ಡಬ್ಬಿ ಇದೆ. ಸರಿಯಾಗಿ ಹೇಳಿ, ಎಷ್ಟು ನೀರು?”

“ಇಲ್ಲ. ಎರಡೇ ಹನಿ. ಚಿಮುಕಿಸಿದೆ.”

ತಲೆ ಆಡಿಸಿ ಹೋದರು. ನನ್ನ ಮಾತನ್ನು ನಂಬಿದರು. ಯಜಮಾನರು ಯಾವತ್ತೂ ನನ್ನ ಮೇಲೆ ಕೈ ಎತ್ತಿದವರಲ್ಲ, ಬೈಗುಳವೂ ಕಡಿಮೆ. ಆದರೂ ಸುಳ್ಳು ಹೇಳಿದೆ. ಹೆದರಿಕೆ ಎಂದು ಹೇಳಲೂ ಆಗುವುದಿಲ್ಲ. ‘ತವರಿನ ಆಟ’ ಎಂಬ ಆ ಒಂದು ಮಾತನ್ನು ಅತ್ತೆಯ ಬಾಯಲ್ಲಿ ಮತ್ತೆ ಕೇಳಬಾರದಿತ್ತು, ಅಷ್ಟೇ ಕಾರಣ. ಇಷ್ಟು ಸಣ್ಣ ಕಾರಣ.

ನಮ್ಮಮ್ಮ ನನಗೊಂದು ಅಭ್ಯಾಸ ಮಾಡಿಸಿದ್ದಳು. ಸಂಜೆ ದೀಪ ಹಚ್ಚುವಾಗ ಆ ದಿನ ಶಿವ ಮಾಡಿದ ಸಣ್ಣ ಉಪಕಾರಗಳನ್ನು ಬೆರಳಲ್ಲಿ ಎಣಿಸಬೇಕು. ಹಾಲು ಒಡೆಯಲಿಲ್ಲ, ಒಂದು. ಕಾಲುನೋವು ಇರಲಿಲ್ಲ, ಎರಡು. ಹೀಗೆ. ಆವತ್ತು ಸಂಜೆ ಎಣಿಸಿದೆ: ಸಾಬರು ಯಜಮಾನರಿಗೆ ಹೇಳಲಿಲ್ಲ, ಒಂದು. ನಾಚಿಕೆಯಿಲ್ಲದೆ ಎಣಿಸಿದೆ.

ಕಂಪನಿಗೆ ಫೋನು ಮಾಡಿ ಕೇಳಿದರೆ, ಆ ಮಾದರಿಯ ಹಲಗೆ ನಿಂತುಹೋಗಿದೆ, ಪೂರ್ತಿ ಪೆಟ್ಟಿಗೆಯನ್ನೇ ಕಳಿಸಿ, ಸಿಕ್ಕರೆ ಹಾಕುತ್ತೇವೆ, ಯಾವಾಗ ಎಂದು ಹೇಳಲಾಗದು ಎಂದರಂತೆ. ಯಜಮಾನರ ಕೈಯಲ್ಲಿ ಪತ್ರಗಳ ರಾಶಿ ಇತ್ತು. ಸಾಬರು ಪೆಟ್ಟಿಗೆಯ ಒಳಗನ್ನು ಗೇಣಿನಲ್ಲಿ ಅಳೆದು ನೋಡಿದರು. “ಮಾಮೂಲಿ ಬೋರ್ಡನ್ನೇ ಇದರೊಳಗೆ ಕೂರಿಸ್ತೀನಿ ಸ್ವಾಮಿ. ಕಷ್ಟ ಇದೆ. ಮಾಡ್ತೀನಿ.”

ಮೂರು ದಿನ ಮಾಡಿದರು. ನಾನು ಅಷ್ಟು ಹತ್ತಿರದಿಂದ ಒಬ್ಬರ ಕೆಲಸ ನೋಡಿದ್ದು ಅದೇ ಮೊದಲು. ಪೆಟ್ಟಿಗೆಯಲ್ಲಿದ್ದ ತೂತು ಒಂದೂ ಹೊಸ ಹಲಗೆಯ ತೂತಿಗೆ ಕೂಡುತ್ತಿರಲಿಲ್ಲ. ಬೆನ್ನಿನ ತಗಡನ್ನು ಗರಗಸದ ಅಲಗಿನಿಂದ ಕೊಯ್ದು, ಕೈ ಕುಯ್ಯದಿರಲೆಂದು ಅಂಚನ್ನೆಲ್ಲ ಅರದಿಂದ ಉಜ್ಜಿದರು. ಎಲ್ಲಕ್ಕಿಂತ ಕಷ್ಟ ಕರೆಂಟಿನ ಪ್ಲಗ್ಗು. ಹೊರಗೆ ನೋಡಿದರೆ ಎಲ್ಲ ಕಂಪ್ಯೂಟರಿನದೂ ಒಂದೇ ಥರ, ಸಲೀಸಾಗಿ ಕೂತುಕೊಳ್ಳುತ್ತದೆ. ಆದರೆ ಈ ಕಂಪನಿಯವರು ಒಳಗಿನ ವೈರುಗಳ ಸಾಲನ್ನೇ ಅದಲುಬದಲು ಮಾಡಿದ್ದರು. ನೋಡದೆ ಸಿಕ್ಕಿಸಿದರೆ ಹೊಸ ಹಲಗೆ ಅಲ್ಲೇ ಬೂದಿ. “ಹಾಸನದಲ್ಲಿ ಒಬ್ಬ ಹಿಂಗೇ ಸಿಕ್ಕಿಸಿ ಹೊಗೆ ಎಬ್ಬಿಸಿದ. ಬೇರೆಯವರ ಸಾಮಾನು ಹಾಕಬಾರದು ಅಂತ ಕಂಪನಿಯವರ ಜಾಣತನ ಅಮ್ಮಾ ಇದು” ಎಂದರು. ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಚಿತ್ರ ಬರೆದು, ಮೀಟರು ಹಿಡಿದು, ಕಡ್ಡಿಯಿಂದ ಒತ್ತಿ ಒಂದೊಂದೇ ವೈರನ್ನು ಈಚೆ ತೆಗೆದು, ಅದರ ಜಾಗ ಹುಡುಕಿ ಕೂರಿಸಿದರು. ಇಪ್ಪತ್ತು ವೈರು. ಒಂದೊಂದು ಕೂತಾಗಲೂ “ಬಿಸ್ಮಿಲ್ಲಾ” ಎಂದು ತುಟಿಯಲ್ಲೇ ಅನ್ನುತ್ತಿದ್ದರು. ನಾನು ಒಳಗೆ ಪಂಚಾಕ್ಷರಿ ಹೇಳಿಕೊಳ್ಳುತ್ತಿದ್ದೆ. ಕಂಪ್ಯೂಟರ್ ಓಡಿತು.

ಅತ್ತೆ ಆವತ್ತು ಅವರಿಗೆ ಕಾಫಿಯ ಜೊತೆ ಚಕ್ಕುಲಿಯನ್ನೂ ಕಳಿಸಿದರು.

ಹನ್ನೊಂದು ದಿನ ಓಡಿತು. ಹನ್ನೆರಡನೆಯ ದಿನ ಬೆಳಿಗ್ಗೆ, ಬಿಳಿಗೆರೆ ಕಡೆಯ ಮೂವರು ಅಣ್ಣತಮ್ಮಂದಿರು ವಿಭಾಗಪತ್ರ ಮಾಡಿಸಲು ಬಂದು ಪಡಸಾಲೆಯಲ್ಲಿ ಕೂತಿದ್ದರು. ಯಜಮಾನರು ಕೊನೆಯ ಪುಟ ಹೊಡೆಯುತ್ತಿದ್ದರು. ಪೆಟ್ಟಿಗೆಯ ಹಿಂಬದಿಯಿಂದ ಹೊಗೆ ಬಂತು. ಅಣ್ಣತಮ್ಮಂದಿರು ಚಪ್ಪಲಿ ಬಿಟ್ಟು ಅಂಗಳಕ್ಕೆ ಓಡಿದರು. ಹೊಸ ಹಲಗೆಯೂ ಹೋಯಿತು, ಯಜಮಾನರು ಅಲ್ಲಿಯವರೆಗೆ ಬರೆದು ಇಟ್ಟಿದ್ದ ಪತ್ರಗಳೆಲ್ಲವೂ ಅದರೊಳಗೇ ಹೋದವು.

ಸಾಬರನ್ನು ಕರೆಸಿದರು. ಅಣ್ಣತಮ್ಮಂದಿರು, ಅಕ್ಕಪಕ್ಕದವರು, ಎಲ್ಲರೂ ನೋಡುತ್ತ ನಿಂತಿದ್ದರು. ಈ ಸಲ ಅವರು ಕರೆಂಟಿನ ಡಬ್ಬಿಯನ್ನೂ ಬಿಚ್ಚಿದರು. ಅದರ ತಳದಲ್ಲಿ ಒಣಗಿ ಅಂಟಿದ್ದ ಕಂದು ಹೆಪ್ಪು, ಅಂಚಿನಲ್ಲಿ ಕುಂಕುಮದ ಕೆಂಪು. ನನಗೆ ದೂರದಿಂದಲೂ ಕಾಣಿಸಿತು. ಕಾಯಿನೀರಿನ ಪಾತ್ರೆ ತೊಳೆಯದೆ ಬಿಟ್ಟರೆ ತಳದಲ್ಲಿ ಹಾಗೆಯೇ ಹಿಡಿದುಕೊಳ್ಳುತ್ತದೆ. ಅವರೂ ಅದನ್ನು ನೋಡಿದರು. ತಲೆ ಎತ್ತಲಿಲ್ಲ.

“ಏನ್ ಸಾಬ್ರೇ” ಎಂದರು ಯಜಮಾನರು, ಎಲ್ಲರಿಗೂ ಕೇಳುವ ಹಾಗೆ. “ಕಂಪನಿ ಮಿಷನ್ನಿಗೆ ಸಂತೆ ಸಾಮಾನು ತುರುಕುದ್ರೆ ಇನ್ನೇನಾಯ್ತದೆ? ಬರಲ್ಲ ಅಂದಿದ್ರೆ ನಾನೇನು ಕೊರಳು ಹಿಡಿದಿದ್ನಾ?”

ಸಾಬರು ಡಬ್ಬಿಯ ಮುಚ್ಚಳ ಹಾಕಿದರು. “ತಪ್ಪಾಯ್ತು ಸ್ವಾಮಿ. ಇದನ್ನ ಮೊದಲೇ ಬಿಚ್ಚಿ ನೋಡ್ಬೇಕಿತ್ತು.”

ಅಷ್ಟೇ ಹೇಳಿದ್ದು. ಸತ್ತ ಪೆಟ್ಟಿಗೆಗೆ ಒಂದೊಂದು ಸ್ಕ್ರೂವನ್ನೂ ಅದರದರ ಜಾಗಕ್ಕೆ ಹಾಕಿ ಬಿಗಿದರು. ಸುರುಳಿ ಸುತ್ತಿಕೊಂಡರು. ಆವತ್ತು ನಾನು ಕಾಫಿ ಕೊಡಲಿಲ್ಲ. ಕೊಡಬೇಕಾದರೆ ಹೊರಗೆ ಬರಬೇಕಿತ್ತು.

ಪತ್ರ ಬರಹಗಾರನ ಮಾತು ಊರಿಗೆ ಎಷ್ಟು ಬೇಗ ಹರಡುತ್ತದೆ ಎಂಬುದನ್ನು ನಾನು ಆಮೇಲೆ ಕಂಡೆ. ಆ ಹುಣಸೆಮರದ ಕೆಳಗೆ ಮೂರು ತಾಲ್ಲೂಕಿನ ಜನ ಬಂದು ಕೂರುತ್ತಾರೆ. ಕೂತವರಿಗೆಲ್ಲ ಯಜಮಾನರು ಇದನ್ನೇ ಹೇಳಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ತಮಗೆ ಗೊತ್ತಿದ್ದ ನಿಜವನ್ನೇ ಹೇಳುತ್ತಿದ್ದರು. ಮೊದಲು ಹೈಸ್ಕೂಲಿನವರು ತುಮಕೂರಿನಿಂದ ಬೇರೆಯವರನ್ನು ಕರೆಸಿಕೊಂಡರು. ಆಮೇಲೆ ಮಂಡಿಯವರು. ಮಂಗಳವಾರ ಸಂತೆಗೆ ಬಂದ ಹೆಂಗಸರು ಕೂಡ, “ಆ ಸಾಬ್ರ ಕೈಲಿ ಕೊಟ್ರೆ ಸುಟ್ಟಾಕ್ತರಂತೆ” ಎಂದು ಮಾತಾಡಿದ್ದು ನನ್ನ ಕಿವಿಗೇ ಬಿತ್ತು. ಎರಡು ವರ್ಷದಲ್ಲಿ ಆ ಅಂಗಡಿಯ ಬಾಗಿಲಿಗೆ ಬೇರೆ ಬೋರ್ಡು ಬಿತ್ತು.

ಅಷ್ಟು ದಿನವೂ ಹೇಳಬಹುದಿತ್ತು. ಬೆಳಿಗ್ಗೆ ಹೇಳೋಣ ಎಂದರೆ ಅವರು ಆಫೀಸಿನ ಗಡಿಬಿಡಿಯಲ್ಲಿ. ಸಂಜೆ ಹೇಳೋಣ ಎಂದರೆ ಅತ್ತೆ ಎದುರಿಗೆ. ಅತ್ತೆ ತೀರಿಕೊಂಡ ಮೇಲೆ ಆ ಅಡ್ಡಿಯೂ ಇರಲಿಲ್ಲ. ಆಗ, ಇಷ್ಟು ವರ್ಷ ಆದ ಮೇಲೆ ಯಾಕೆ, ಎನ್ನಿಸಿತು. ಮನಸ್ಸಿಗೆ ಕಾರಣಗಳಿಗೇನು ಬರ.

ಒಂದು ಸೋಮವಾರ ದೇವಸ್ಥಾನದಿಂದ ಬರುವಾಗ ಅವರನ್ನು ನೋಡಿದೆ. ಮಂಡಿಯೊಂದರ ಮುಂದೆ ಕೊಬ್ಬರಿ ಚೀಲಗಳ ನಡುವೆ ಕೂತು, ದಬ್ಬಳದಲ್ಲಿ ಗೋಣಿಯ ಬಾಯಿ ಹೊಲಿಯುತ್ತಿದ್ದರು. ಇಪ್ಪತ್ತು ವೈರನ್ನು ಕಡ್ಡಿಯ ತುದಿಯಲ್ಲಿ ಕೂರಿಸಿದ ಬೆರಳುಗಳಿಗೆ ಬಟ್ಟೆಯ ಚೂರು ಸುತ್ತಿಕೊಂಡಿದ್ದರು. ಕನ್ನಡಕದ ಒಂದು ಕಡ್ಡಿಯ ಜಾಗದಲ್ಲಿ ದಾರ. ಆದರೂ ಹೊಲಿಗೆ ನೋಡಿದೆ, ಒಂದಕ್ಕೊಂದು ಅಳೆದ ಹಾಗೆ ಸಮ.

ನನ್ನನ್ನು ಕಂಡು ಏಳಲು ಹೋದರು. “ಕೂತ್ಕೊಳಿ” ಎಂದೆ.

“ಚೆನ್ನಾಗಿದೀರಾ ಅಮ್ಮಾ? ಮನೇಲಿ ಹೊಸ ಮಿಷನ್ ತಂದ್ರಂತೆ. ಹೆಂಗಿದೆ?”

“ಇದೆ.”

“ಪೂಜೆ ಮಾಡ್ತೀರಾ?”

“ದೂರದಿಂದ ಮಂಗಳಾರತಿ ಅಷ್ಟೇ.”

ನಕ್ಕರು. ನಿಜವಾಗಿಯೇ ನಕ್ಕರು. ಪಕ್ಕದಲ್ಲಿ ಚೀಲ ಹಿಡಿದಿದ್ದವನು ಏನು ಎಂದು ನೋಡಿದ.

ಅವನು ಚೀಲ ಎತ್ತಿಕೊಂಡು ಒಳಗೆ ಹೋದ ಮೇಲೆ ನಾನು ಹೇಳಿದೆ: “ಯಜಮಾನ್ರಿಗೆ ಇವತ್ತು ಹೇಳ್ಬುಡ್ತೀನಿ. ತಪ್ಪು ನಂದು ಅಂತ.”

ದಬ್ಬಳಕ್ಕೆ ದಾರ ಪೋಣಿಸುತ್ತಿದ್ದವರು ನಿಲ್ಲಿಸಲಿಲ್ಲ. ಮೊದಲ ಸಲ ದಾರ ತೂತಿಗೆ ಹೋಗಲಿಲ್ಲ. ಎರಡನೆಯ ಸಲ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ ಪೋಣಿಸಿದರು.

“ಎರಡು ಸಲ ಕೇಳ್ದೆ ಅಮ್ಮಾ” ಎಂದರು.

ಕೋಪವಿರಲಿಲ್ಲ. ಕ್ಷಮೆಯೂ ಇರಲಿಲ್ಲ. ರೇಡಿಯೋದ ಯಾವ ಭಾಗ ಕೆಟ್ಟಿದೆ ಎಂದು ಹೇಳುತ್ತಿದ್ದ ಧ್ವನಿ ಅದೇ. ಇನ್ನೊಂದು ಚೀಲವನ್ನು ಎಳೆದುಕೊಂಡರು. ನಾನು ಮನೆಗೆ ಬಂದೆ. ಆ ದಿನವೂ ಹೇಳಲಿಲ್ಲ.

ಅಲ್ಲಿಂದ ಈಚೆಗೆ ಆ ಮಂಡಿಯ ಬೀದಿಯನ್ನೇ ಬಿಟ್ಟು, ಸುತ್ತಿಕೊಂಡು ದೇವಸ್ಥಾನಕ್ಕೆ ಹೋಗುತ್ತಿದ್ದೆ. ತೆಳು ಕಡ್ಡಿಗಳನ್ನು ಬೇರೆ ಇಡುವುದನ್ನು ಮಾತ್ರ ಕೈ ಬಿಡಲಿಲ್ಲ. ಹಿಡಿ ಹಿಡಿಯಾಗಿ ಅಟ್ಟದ ಮೂಲೆಯಲ್ಲಿ ಇದ್ದವು. ಯಾರಿಗೂ ಕೊಟ್ಟಿರಲಿಲ್ಲ.

ಭಾನುವಾರ ಹೂವಿನವಳು ಹೂವು ಅಳೆದುಕೊಟ್ಟು ಹೋದಳು. ಯಜಮಾನರ ಅರ್ಧ ಮುಖದಲ್ಲಿ ಸೋಪಿನ ನೊರೆ ಇತ್ತು. “ನಮ್ಮ ಮಿಷನ್ ಸುಟ್ಟುಬುಟ್ಟ” ಎಂದ ಮಾತು ಇನ್ನೂ ಬಾವಿಕಟ್ಟೆಯ ಮೇಲೇ ಇತ್ತು.

“ಅವರು ಸುಡಲಿಲ್ಲ” ಎಂದೆ. “ನಾನು ಸುಟ್ಟಿದ್ದು.”

ರೇಜರು ನಿಂತಿತು.

ಹೇಳಿದೆ. ಆಯುಧಪೂಜೆ, ನಮ್ಮಪ್ಪನ ಪದ್ಧತಿ, ಕಾಯಿ, ಲೋಟ, ಕುಂಕುಮವನ್ನು ಅವರು ಊದಿದ್ದು, ಬಾಗಿಲ ಹತ್ತಿರ ಬಂದು ಕೇಳಿದ್ದು, ನಾನು ಸುಳ್ಳು ಹೇಳಿದ್ದು. ಎಲ್ಲ ಹೇಳಲು ಎರಡು ಗರಿ ಸೀಳುವಷ್ಟು ಹೊತ್ತೂ ಹಿಡಿಯಲಿಲ್ಲ. ಇಷ್ಟು ಚಿಕ್ಕದನ್ನು ಇಷ್ಟು ವರ್ಷ ಹೊತ್ತುಕೊಂಡಿದ್ದೆ, ಹೊರಿಸಿದ್ದೆ.

ಯಜಮಾನರ ಕೆನ್ನೆಯ ಮೇಲಿನ ನೊರೆ ಒಣಗುತ್ತಿತ್ತು. ಆಮೇಲೆ ಕೇಳಿದರು:

“ಎಷ್ಟು ನೀರು?”

“ಒಂದು ಲೋಟ. ಪೂರ್ತಿ.”

“ಅವನಿಗೆ ಗೊತ್ತಾಯ್ತಾ, ಆವತ್ತು?”

“ಡಬ್ಬಿ ಬಿಚ್ಚಿದ ತಕ್ಷಣ ಗೊತ್ತಾಯ್ತು.”

“ಆ ಜನರ ಮುಂದೆ ನಾನು ಹಂಗಂದಾಗ?”

“ಅದಕ್ಕೆ ಮುಂಚೆನೇ.”

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ಒಂದು ಕೆನ್ನೆಯ ಗಡ್ಡ ಹಾಗೆಯೇ ಉಳಿದಿತ್ತು. ಒಳಗೆ ಹೋಗಿ ಬಿಳಿ ಅಂಗಿ ಹಾಕಿಕೊಂಡು ಬಂದರು.

“ಮಣ್ಣು ಎಷ್ಟೊತ್ತಿಗಂದ್ಲು?”

“ಮಧ್ಯಾಹ್ನ ನಮಾಜಾದ ಮೇಲೆ.”

“ಇನ್ನೂ ಹೊತ್ತಿದೆ. ಮೊದಲು ಮನೆ ಹತ್ರ ಹೋಯ್ತೀನಿ.” ಓಣಿಯ ತನಕ ಹೋದವರು ನಿಂತು, ತಿರುಗದೆಯೇ ಹೇಳಿದರು: “ನಾಳೆ ಮರದ ಕೆಳಗೂ ಹೇಳ್ಬೇಕು. ಎಲ್ಲಾರಿಗೂ. ನಿನ್ನ ಹೆಸರು ಬರ್ತದೆ ಕಣೇ.”

“ಬರ್ಲಿ” ಎಂದೆ.

ಚಪ್ಪಲಿಯ ಸದ್ದು ಹೋಯಿತು. ಯಜಮಾನರಿಗೆ ಮರದ ಕೆಳಗೆ ಕೇಳುವವರು ಸಿಗುತ್ತಾರೆ. ಕೇಳಬೇಕಾದ ಒಬ್ಬರು ಮಾತ್ರ ಇಲ್ಲ. ಹೆಂಗಸರು ಮಣ್ಣಿಗೆ ಹೋಗುವ ಹಾಗಿಲ್ಲ, ನಮ್ಮಲ್ಲೂ ಅವರಲ್ಲೂ. ಅವರ ಹೆಂಡತಿಯ ಮುಂದೆ ಹೋಗಿ ನಿಲ್ಲಬಹುದು. ನಿಲ್ಲಬೇಕು. ಅದಕ್ಕೆ ಇನ್ನೂ ಧೈರ್ಯ ಎಣಿಸುತ್ತಿದ್ದೇನೆ.

ಸೀಳಿದ ಗರಿ ಸುತ್ತ ಹರಡಿತ್ತು. ದಪ್ಪ ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ತುದಿ ಸಮ ಮಾಡಿ ಕತ್ತದ ಹಗ್ಗ ಸುತ್ತಿದೆ. ಪೊರಕೆಯಾಯಿತು. ಎಡಗಡೆಯ ತೆಳು ಕಡ್ಡಿಗಳನ್ನು ಕೈಗೆತ್ತಿಕೊಂಡು ಏನು ಮಾಡುವುದೆಂದು ತಿಳಿಯದೆ, ಮತ್ತೆ ಅಲ್ಲೇ ಇಟ್ಟೆ.

ಸಾವಿಗೆ ಹೋದವರು ಮೀಯದೆ ಒಳಗೆ ಬರುವಂತಿಲ್ಲ. ಕಡ್ಡಿ ತೆಗೆದ ಎಲೆಗಳನ್ನೆಲ್ಲ ಬಾಚಿ ಬಚ್ಚಲೊಲೆಗೆ ತುರುಕಿದೆ. ಹಂಡೆಗೆ ಎಂಟು ಬಿಂದಿಗೆ ನೀರು ಹಿಡಿಯುತ್ತದೆ. ಬಾವಿಯಿಂದ ಸೇದಿ, ಒಂದೊಂದನ್ನೇ ಎಣಿಸಿ ಸುರಿದೆ. ಎಂಟು ಪೂರ್ತಿಯಾದ ಮೇಲೆ ಒಲೆಗೆ ಬೆಂಕಿಕಡ್ಡಿ ಗೀರಿದೆ.